ಯಾಕಕ್ಕನ ನೋಟ್‌ಬುಕ್

ಬಸ್ ಡಿಪೋದಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಯಾಕಕ್ಕ ಎಂದೇ. ಇಪ್ಪತ್ತಾರು ವರ್ಷ ಬ್ರೇಕ್ ತಪಾಸಣೆ ಮಾಡಿದ ಹೆಂಗಸು, ಯಾರೇ ಏನೇ ಬದಲಾಯಿಸಲಿ, "ಯಾಕೆ?" ಎನ್ನದೆ ಬಿಟ್ಟವಳಲ್ಲ. "ನನ್ನನ್ನ ಒಪ್ಕೊಳ್ಳೋವಾಗ ಮಾತ್ರ ಕೇಳೋದು ಮರೆತ್ಬಿಟ್ಟಳು, ನನ್ನ ಪುಣ್ಯ," ಎಂದು ಗಂಡ ನಗುತ್ತಿದ್ದ.

ಡಿಪೋಗೆ ಕಂಪ್ಯೂಟರ್ ಬಂತು. ಸವೆಯುತ್ತಾ ಹೋಗುವ ಬ್ರೇಕ್ ಲೈನಿಂಗ್ ಎಷ್ಟು ದಪ್ಪ ಉಳಿದಿದೆಯೆಂದು ಅಳೆದು ತುಂಬಿಸಿದರೆ, ಹೊರಡಬಹುದಾದ ಬಸ್ಸಿಗೆ ಹಸಿರು ತೋರಿಸುತ್ತಿತ್ತು. ಎಂಟು ಮಿಲಿಮೀಟರಿಗಿಂತ ಕಡಿಮೆಯಾದರೆ ಕೆಂಪು. ಎಲ್ಲರೂ ಬೆರಗಾದರು. ಯಾಕಕ್ಕ ಮಾತ್ರ ಆ ಎಂಟನ್ನು ಯಾರು ಬೇಕಾದರೂ ತಿದ್ದಬಹುದೇ ಎಂದು ಕೇಳಿದಳು. ತಿದ್ದಬಹುದಿತ್ತು, ಪಾಸ್‌ವರ್ಡ್ ಬರೆದ ಚೀಟಿಯನ್ನು ಪರದೆಯ ಅಂಚಿಗೇ ಅಂಟಿಸಿದ್ದರು ಮಹಾನುಭಾವರು! ಅಂದಿನಿಂದ ಆಕೆಯ ನೋಟ್‌ಬುಕ್ ಶುರುವಾಯಿತು: ಹಳೆಯ ಅಂಕಿ, ಹೊಸ ಅಂಕಿ, ತಿದ್ದಿದವರು, ಕಾರಣ, ಸಹಿ. ಹೊಸ ಮ್ಯಾನೇಜರಿಗೆ ಅದನ್ನು ಕಂಡರೆ ಮೈಯುರಿ.

"ಕಂಪ್ಯೂಟರ್ ಇರೋವಾಗ ಈ ಪುರಾಣ ಎಲ್ಲ ಬೇಡಮ್ಮ," ಎಂದಿದ್ದ.

ಒಂದು ಬೆಳಿಗ್ಗೆ ಹದಿನೇಳನೇ ನಂಬರಿನ ಬಸ್ಸಿಗೆ ಹಸಿರು ಬಂದಿತ್ತು. ಗುಡ್ಡದ ಇಳಿಜಾರಿನ ದಾರಿ. ನಿಲ್ದಾಣದಲ್ಲಿ ಐವತ್ತು ಜನ ಕಾಯುತ್ತಿದ್ದರು. ಅದರ ಲೈನಿಂಗ್ ಆರೇ ಮಿಲಿಮೀಟರ್ ಎಂದು ಹಿಂದಿನ ದಿನ ಅಳೆದವಳು ಇವಳೇ. ಯಾಕಕ್ಕ ಬಸ್ಸಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು.

"ಕೀಲಿ ಕೊಡಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ," ಎಂದ ಮ್ಯಾನೇಜರ್.

ಗಂಡ ಮಂಡಿನೋವಿನಿಂದ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಮನೆ ನಡೆಯುತ್ತಿದ್ದುದು ಇವಳೊಬ್ಬಳ ದುಡಿಮೆಯಲ್ಲಿ. ಆದರೂ ನೋಟ್‌ಬುಕ್ ಬಿಚ್ಚಿ ಮುಂದಿಟ್ಟಳು.

"ಕಂಪ್ಯೂಟರಲ್ಲಿ ಎಂಟು ಇದ್ದದ್ದು ಐದಾಗಿದೆ ಸರ್. ಇಲ್ಲಿ ಯಾರ ಸಹಿನೂ ಇಲ್ಲ. ಇಳಿಸಿದ್ದು ಯಾರು, ಯಾಕೆ? ಮೊದಲು ಬರೆದು ಸಹಿ ಹಾಕಿ, ಕೀಲಿ ಮಾತು ಆಮೇಲೆ."

ಮ್ಯಾನೇಜರ್ ಪೆನ್ನೇನೋ ಹಿಡಿದ. ಓಡಿಸಲು ಬಸ್ಸು ಸಾಲುತ್ತಿರಲಿಲ್ಲವೆಂದು ನಾನೇ ಇಳಿಸಿದೆ ಎಂದು ಬರೆಯಲು ಕೈ ಏಳಲಿಲ್ಲ. ಅಷ್ಟರಲ್ಲಿ ಬಸ್ಸಿನ ಚಾಲಕ ಇಳಿದು ಬಂದು ಯಾಕಕ್ಕನ ಪಕ್ಕದಲ್ಲಿ ನಿಂತ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಹದಿನೇಳರ ಬದಲು ಬೇರೆ ಬಸ್ಸು ಹೊರಟಿತು.

ಸುದ್ದಿ ತಿಳಿದು ಮುಖ್ಯ ಕಚೇರಿಯ ಎಂಜಿನಿಯರ್ ಬಂದು ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಅವರು ಕಂಪ್ಯೂಟರ್ ಸರಿ ಮಾಡಿಸುವವರೆಗೆ, ಆ ತಿಂಗಳಿಡೀ ಡಿಪೋ ನಡೆದದ್ದು ಅದರಲ್ಲಿದ್ದ ಎಂಟರ ಮೇಲೆಯೇ. ಅಷ್ಟರಲ್ಲಿ ಕಂಪ್ಯೂಟರೂ ಪಾಠ ಕಲಿತಿತ್ತು: ಅಂಕಿ ತಿದ್ದಲು ಈಗ ಇಬ್ಬರ ಒಪ್ಪಿಗೆ ಬೇಕು, ಕಾರಣವೂ ಬೇಕು.

ಐದನ್ನು ಮತ್ತೆ ಎಂಟು ಮಾಡಲು ಕುಳಿತವನು ಅದೇ ಮ್ಯಾನೇಜರ್. ಪರದೆ ಕೇಳಿತು: ಯಾಕೆ? ಹಿಂದೆ ನಿಂತಿದ್ದ ಚಾಲಕರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕರು. ಅವನು "ಇಳಿಸಿದ್ದು ನನ್ನ ತಪ್ಪು" ಎಂದು ಟೈಪ್ ಮಾಡಿ, ಕುರ್ಚಿ ಬಿಟ್ಟುಕೊಟ್ಟ. ಎರಡನೆಯ ಒಪ್ಪಿಗೆ ಯಾಕಕ್ಕನದು. ಹಿಗ್ಗು ಮುಖದಲ್ಲೆಲ್ಲ ತುಂಬಿತ್ತು. ಕುಳಿತು ಓದಿದಳು, ಆ ಒಂದು ಸಲ ಏನೂ ಕೇಳದೆ ಗುಂಡಿ ಒತ್ತಿದಳು.