ಪ್ಲೇಯರ್ ಒಪ್ಪದ ದನಿ

ನಮ್ಮ ಬೀದಿಯವರು ಅವನನ್ನು ಕರೆಯುತ್ತಿದ್ದುದು ಹಾಡಿನ ಡಾಕ್ಟರ್ ಎಂದು. ಮೊಬೈಲ್ ರಿಪೇರಿಯ ಸಣ್ಣ ಅಂಗಡಿ, ಒಂದು ಹಳೆಯ ಕಂಪ್ಯೂಟರ್, ಮೈತುಂಬ ಜಂಬ. ಪುಟ್ಟ ಪ್ಲೇಯರ್‌ಗಳಿಗೆ ಹಾಡು ತುಂಬುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ನಿಜ. ಆದರೆ ಪ್ಲೇಯರ್ ಒಪ್ಪದ ಫೈಲು ಸಿಕ್ಕರೆ ಒಂದು ಮಾತೂ ಕೇಳದೆ ಅಳಿಸಿ, ಅದೇ ಹಾಡಿನ ಎಂಪಿತ್ರೀಯನ್ನು ತನ್ನ ಕಂಪ್ಯೂಟರಿನಿಂದ ಹಾಕಿಬಿಡುತ್ತಿದ್ದ. ಫೈಲನ್ನೇ ಎಂಪಿತ್ರೀಗೆ ಬದಲಾಯಿಸುವುದು ಗೊತ್ತಿರಲಿಲ್ಲವೆಂದಲ್ಲ. ಅದಕ್ಕೆ ಸ್ವಲ್ಪ ಕಾಯಬೇಕಿತ್ತು. ಈ ಮಹಾಶಯನಿಗೆ ಕಾಯುವುದೆಂದರೆ ಆಗುತ್ತಿರಲಿಲ್ಲ.

ಇಸ್ತ್ರಿ ಮಾಡುವ ಅಕ್ಕ ಬಂದಾಗಲೂ ಹಾಗೆಯೇ ಆಯಿತು. ಅವಳ ಗಂಡ ಲಾರಿ ಓಡಿಸುತ್ತಾನೆ, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ದಿನವಿಡೀ ಬಟ್ಟೆ ಉಜ್ಜುವ ಅವಳಿಗೆ ಕಿವಿಯಲ್ಲಿ ಹಾಡಿರಬೇಕು.

"ಅಣ್ಣಾ, ಇದೊಂದು ಹಾಡು ಬರ್ತಾನೇ ಇಲ್ಲ. ಅಲ್ಲಿಗೆ ಬಂದ್ರೆ ನಿಂತೇ ಹೋಗುತ್ತೆ."

"ಫೋನಲ್ಲಿ ರೆಕಾರ್ಡ್ ಮಾಡಿರೋದಮ್ಮ. ಈ ಫೈಲು ನಿನ್ನ ಪ್ಲೇಯರ್‌ಗೆ ಅರ್ಥ ಆಗಲ್ಲ," ಎಂದು ಅವನು ಅದನ್ನು ಕಂಪ್ಯೂಟರಿನಲ್ಲಿ ಹಚ್ಚಿದ. ಒರಟು ಗಂಡುದನಿಯೊಂದು ಹಳೆಯ ಪ್ರೇಮಗೀತೆಯನ್ನು ಶ್ರುತಿತಾಳದ ಹಂಗಿಲ್ಲದೆ ಎಳೆಯತೊಡಗಿತು.

"ಅಯ್ಯಯ್ಯೋ, ಯಾರಮ್ಮ ಈ ಪುಣ್ಯಾತ್ಮ? ಇದನ್ನ ಕೇಳಿದ್ರೆ ಇಸ್ತ್ರಿ ಹಾಕಿದ ಬಟ್ಟೆನೂ ಮುದುಡಿಕೊಳ್ಳುತ್ತೆ!"

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ತಲೆ ತಗ್ಗಿಸಿಕೊಂಡು. "ಅದನ್ನೇ ಬರೋ ಹಾಗೆ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅದು ಅಳಿಸಿಹೋಗಿತ್ತು, ಅದರ ಜಾಗದಲ್ಲಿ ಅದೇ ಹಾಡು ಒಳ್ಳೆಯ ಗಾಯಕನ ದನಿಯಲ್ಲಿ ಕೂತಿತ್ತು. ದುಡ್ಡೂ ಬೇಡವೆಂದ. ಉಪಕಾರ ಮಾಡಿದ ಗತ್ತು ಬೇರೆ.

ಕೆಲವು ದಿನಗಳ ಮೇಲೆ ಅವಳ ಗಂಡ ಚಾರ್ಜರ್ ಕೊಳ್ಳಲು ಬಂದ. ಮೆತ್ತಗಿನ ಮನುಷ್ಯ. ಹೊರಡುವಾಗ ಹೇಳಿದ: "ನನ್ನ ಹಾಡು ತೆಗೆದು ಬೇರೆ ಹಾಕಿದ್ರಂತೆ. ಒಳ್ಳೇದೇ ಮಾಡಿದ್ರಿ ಬಿಡಿ. ಅವಳು ಆಸೆಪಟ್ಲು ಅಂತ ಲಾರಿಯಲ್ಲಿ ಕೂತು ಏನೋ ಒದರಿದ್ದೆ."

ಡಾಕ್ಟರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನಿಮ್ಮ ಫೋನಲ್ಲಿ ಇರಬೇಕಲ್ಲ ಅಣ್ಣಾ?"

"ಅವಳ ಪ್ಲೇಯರ್‌ಗೆ ಹಾಕಿ ಆವತ್ತೇ ತೆಗೆದ್ಬಿಟ್ಟೆ. ಯಾರಾದ್ರೂ ಕೇಳಿಸ್ಕೊಂಡ್ರೆ ಅಂತ ನಾಚಿಕೆ."

ಡಾಕ್ಟರ್ ಎದ್ದು ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದ. "ಇನ್ನೊಂದ್ಸಲ ಹಾಡಿ ಅಣ್ಣಾ, ಕೈ ಮುಗೀತೀನಿ. ಯಾರನ್ನೂ ಒಳಗೆ ಬಿಡಲ್ಲ. ನಾನೂ ಹೊರಗೆ ನಿಂತಿರ್ತೀನಿ. ಪ್ಲೇಯರ್ ಒಪ್ಪೋ ಹಾಗೆ ಮಾಡ್ಕೊಡ್ತೀನಿ."

ಚಾಲಕ ಒಂದು ಕ್ಷಣ ಫೋನನ್ನು ಕೈಯಲ್ಲಿ ಹಿಡಿದು ನಿಂತ. ಆಮೇಲೆ ಜೇಬಿಗೆ ಹಾಕಿಕೊಂಡ.

"ಬೇಡ ಬಿಡಿ. ಬಟ್ಟೆ ಮುದುಡಿದ್ರೆ ಮತ್ತೆ ಇಸ್ತ್ರಿ ಹಾಕೋಳು ಅವಳೇ ಅಲ್ವಾ," ಎಂದು ತಾನೇ ನಕ್ಕು, ಬಗ್ಗಿ ಷಟರಿನ ಕೆಳಗಿಂದ ಹೊರಗೆ ಹೋದ.