ಎಡಗಡೆ ಸೀಟಿನ ಸ್ಟೆಪ್ನಿ

ನಾನು ಹಲ್ಲು ಮಾಡುವವನು. ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ. ಸಾಗರದ ನನ್ನ ಎರಡು ಕೋಣೆಯ ಲ್ಯಾಬಿನಲ್ಲಿ ಕೂತು ಅದಕ್ಕೆ ಸರಿಹೊಂದುವ ಹಲ್ಲಿನ ಸೆಟ್ಟು ತಯಾರಿಸಿ ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ಗುರುವಾರ ಬಂತೆಂದರೆ ಸಾಗರದಿಂದ ಹೊಸನಗರ, ಅಲ್ಲಿಂದ ಅರಳಸುರಳಿ ಮೇಲೆ ತೀರ್ಥಹಳ್ಳಿ, ಸಂಜೆ ವಾಪಸ್. ನನ್ನ ಕೆಲಸ ಚೆನ್ನಾಗಿ ಆಗಿದ್ದರೆ ಅಲ್ಲಿ ಯಾರೋ ಕೆಲಸ ಮಾಡಿದ್ದಾರೆಂದು ಯಾರಿಗೂ ತಿಳಿಯಬಾರದು. ಮೂವತ್ತು ವರ್ಷ ಹೀಗೆ ಬೇರೆಯವರ ಬಾಯೊಳಗೆ ಅಡಗಿ ಬದುಕಿದವನಿಗೆ ಐವತ್ತರ ಹೊತ್ತಿಗೆ, ಒಮ್ಮೆಯಾದರೂ ಜನ ನನ್ನನ್ನು ತಿರುಗಿ ನೋಡಲಿ ಅನ್ನಿಸಿತು. ಅದಕ್ಕೇ ಆ ಕಾರು ತೆಗೆದುಕೊಂಡೆ. ಬೇರೆ ಯಾವ ಕಾರಣ ಹೇಳಿದರೂ ಸುಳ್ಳಾಗುತ್ತದೆ.

ಶಿವಮೊಗ್ಗದಲ್ಲಿ ಒಬ್ಬರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಅದು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ಒಳಗೆ ಕೂತರೆ ರಸ್ತೆ ದಾಟುವವರ ಮೊಣಕಾಲು ಕಣ್ಣೆದುರಿಗೆ ಬರುವಷ್ಟು ತಗ್ಗು. ನಮ್ಮ ಬೀದಿಯವರು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದರು. ನನ್ನ ಹೊಟ್ಟೆಗೆ ಹಿಟ್ಟಿತ್ತು, ಇಲ್ಲದ್ದು ಜುಟ್ಟು ಮಾತ್ರ. ಎರಡೇ ಸೀಟು ಯಾಕೆ ಎಂದು ಕೇಳಿದವರಿಗೆ, ಒಬ್ಬನಿಗೆ ಐದು ಸೀಟು ಯಾಕೆ ಎಂದು ತಿರುಗಿ ಕೇಳುತ್ತಿದ್ದೆ. ನನಗೆ ಮದುವೆಯಾಗಿಲ್ಲ, ಅದರ ಹಿಂದೆ ಹೇಳುವಂಥ ಕಥೆಯೇನೂ ಇಲ್ಲ. ಮುಂದೆ ನೋಡೋಣ ಎನ್ನುತ್ತ ವರ್ಷಗಳು ಹೋದವು.

ಆ ಕಾರಿಗೆ ಸ್ಟೆಪ್ನಿ ಇರಲಿಲ್ಲ. ಅದನ್ನು ಇಡಲು ಜಾಗವೇ ಮಾಡಿರಲಿಲ್ಲ. ಡಿಕ್ಕಿಯಲ್ಲಿ ನನ್ನ ಹಲ್ಲಿನ ಪೆಟ್ಟಿಗೆ ಇಟ್ಟರೆ ಮುಗಿಯಿತು. ಪಂಕ್ಚರ್ ಆದರೆ ಟೈರಿನೊಳಗೆ ಹೊಡೆಯಲು ಒಂದು ಬಾಟಲಿ ಅಂಟು, ಗಾಳಿ ತುಂಬಲು ಅಂಗೈಯಗಲದ ಪಂಪು, ಅಷ್ಟೇ. ಸಾಗರದ ಪಂಕ್ಚರ್ ಅಂಗಡಿಯವನು, ನನ್ನ ಓರಗೆಯವನು, ಬಾಟಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಾರಿನ ಕೆಳಗೆ ಬಗ್ಗಿ ನೋಡಿ, "ಇದೆಂತ ಕಾರು ಮಾರಾಯ್ರೇ, ನೆಲ ಒರೆಸ್ಲಿಕ್ಕೆ ತಂದಿದ್ದಾ?" ಅಂದ. ಆಮೇಲೆ ಗಂಭೀರವಾಗಿ, ಮೊಳೆ ಚುಚ್ಚಿದರೆ ಈ ಅಂಟು ಸಾಕು, ಕಲ್ಲು ತಾಗಿ ಪಕ್ಕ ಹರಿದರೆ ಬಾಟಲಿ ಅಲ್ಲ, ಬಾವಿಯಷ್ಟು ಅಂಟು ಸುರಿದರೂ ನಿಲ್ಲುವುದಿಲ್ಲ ಎಂದು ಹೇಳಿದ. ಈ ಅಳತೆಯ ಟೈರು ನಮ್ಮ ಮೂರು ತಾಲ್ಲೂಕಿನಲ್ಲಿ ಯಾರ ಬಳಿಯೂ ಇಲ್ಲವೆಂದೂ ಹೇಳಿದ.

ಅವತ್ತು ರಾತ್ರಿ ಊಟ ಮಾಡುತ್ತ, ದಾರಿಯಲ್ಲಿ ಹಾಗೆ ಆದರೆ ಯಾರಿಗೆ ಫೋನ್ ಮಾಡುವುದು ಎಂದು ಯೋಚಿಸಿದೆ. ಫೋನ್ ತೆಗೆದು ಹೆಸರುಗಳನ್ನು ಮೇಲಿನಿಂದ ಕೆಳಗೆ ಸರಿಸುತ್ತ ಹೋದೆ. ಡಾಕ್ಟರು, ಡಾಕ್ಟರು, ಪ್ಲಾಸ್ಟರ್ ಪುಡಿ ಮಾರುವವರು, ಗ್ಯಾಸಿನವರು, ಮತ್ತೆ ಡಾಕ್ಟರು. ಇದ್ದಲ್ಲಿಂದ ಎದ್ದು ಬಾ ಎಂದು ಕರೆಯಬಹುದಾದ ಒಂದು ಹೆಸರೂ ಸಿಗಲಿಲ್ಲ. ನನಗೆ ಪಂಕ್ಚರಿನ ಭಯ ಹತ್ತಿದ್ದು ಆಗ. ಟೈರಿಗೂ ಅದಕ್ಕೂ ಹೆಚ್ಚು ಸಂಬಂಧವಿರಲಿಲ್ಲ.

ಮರುದಿನದಿಂದಲೇ ತಯಾರಿ ಶುರು ಮಾಡಿದೆ. ಬೆಂಗಳೂರಿಂದ ಅದೇ ಅಳತೆಯ ಚಕ್ರದ ಡಿಸ್ಕು, ಟೈರು ತರಿಸಿದೆ. ಕಾರು ಎಷ್ಟು ತಗ್ಗೆಂದರೆ ಗಾಳಿ ಹೋಗಿ ಟೈರು ಕೂತ ಮೇಲೆ ಜಾಕು ಅಡಿಗೆ ತೂರುತ್ತಿರಲಿಲ್ಲ. ಮೊದಲು ಹಲಗೆಯ ಮೇಲೆ ಹತ್ತಿಸಬೇಕು, ಆಮೇಲೆ ಜಾಕು. ಅದಕ್ಕಾಗಿ ಹಲಸಿನ ಹಲಗೆಯ ಎರಡು ತುಂಡು ಕೊಯ್ಯಿಸಿದೆ. ಟ್ಯೂಬ್‌ಲೆಸ್ ಟೈರಿಗೆ ತೂರಿಸುವ ಅಂಟಿನ ದಾರ, ತೂತು ಗುರುತು ಹಾಕಲು ಸೀಮೆಸುಣ್ಣ, ಮೈ ಕೆಳಗೆ ಹಾಸಲು ಹಳೆಯ ರೇನ್‌ಕೋಟು, ರಕ್ತ ಹೀರುವ ಉಂಬಳ ಕಾಲಿಗೆ ಹತ್ತಿದರೆ ಬಿಡಿಸಲು ಒಂದು ಡಬ್ಬಿ ಉಪ್ಪು. ಕಾರು ಎತ್ತುವ ಮೊದಲೇ ನಟ್ಟು ಸಡಿಲ ಮಾಡಬೇಕೆಂದು ಪಂಕ್ಚರ್ ಅಂಗಡಿಯವನು ಕಲಿಸಿದ. ಭಾನುವಾರ ಲ್ಯಾಬಿನ ಎದುರು ಒಳ್ಳೆಯ ಟೈರನ್ನೇ ಬಿಚ್ಚಿ ಹಾಕಿ ಅಭ್ಯಾಸ ಮಾಡುತ್ತಿದ್ದೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು, ಕೊನೆಗೆ ಕಾಲು ಗಂಟೆಗೆ ಇಳಿಯಿತು. ಎದುರು ಮನೆಯವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಜನ ತಿರುಗಿ ನೋಡಲಿ ಎಂದಿದ್ದೆನಲ್ಲ, ನೋಡಿದರು.

ಇವನ್ನೆಲ್ಲ ಪೆಟ್ಟಿಗೆಯ ಸಂದಿಯಲ್ಲಿ, ಸೀಟಿನ ಹಿಂದೆ ತುರುಕಿದ ಮೇಲೆ ಸ್ಟೆಪ್ನಿ ಇಡಲು ಉಳಿದಿದ್ದು ಒಂದೇ ಜಾಗ, ನನ್ನ ಎಡಗಡೆಯ ಸೀಟು. ಅಲ್ಲಿ ಕೂರಿಸಿ ಹೊರಟರೆ ಕಾರು ಪೀಂ ಪೀಂ ಎಂದು ಕೂಗತೊಡಗಿತು. ಭಾರ ಬಿದ್ದದ್ದಕ್ಕೆ ಯಾರೋ ಮನುಷ್ಯರು ಬೆಲ್ಟ್ ಹಾಕದೆ ಕೂತಿದ್ದಾರೆಂದು ಅದರ ಲೆಕ್ಕ. ಹಾಗಾಗಿ ಗುರುವಾರ ಬೆಳಿಗ್ಗೆ ಮೊದಲು ಸ್ಟೆಪ್ನಿಗೆ ಬೆಲ್ಟ್ ಹಾಕಿ, ಆಮೇಲೆ ನಾನು ಹಾಕಿಕೊಳ್ಳುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಒಂದು ಸಲವೂ ಪಂಕ್ಚರ್ ಆಗಲಿಲ್ಲ. ಬಸ್ಸು ತಪ್ಪಿದವರು ದಾರಿಯಲ್ಲಿ ಕೈ ಅಡ್ಡ ಹಿಡಿದರೆ, ಕಾರು ನಿಧಾನ ಮಾಡಿ ಸೀಟು ತೋರಿಸಿ ಮುಂದೆ ಹೋಗುತ್ತಿದ್ದೆ. ಕೈ ಹಿಡಿದವರನ್ನು ಬಿಟ್ಟು ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ. ಆದರೆ ಜಾಗ ಇಲ್ಲದಿದ್ದರೆ ಯಾರೂ ಏನೂ ಅನ್ನುವುದಿಲ್ಲ.

ಹೊಸನಗರದ ದಂತ ಚಿಕಿತ್ಸಾಲಯದಲ್ಲಿ ಚೀಟಿ ಬರೆಯಲು, ಬಂದವರನ್ನು ಕೂರಿಸಲು ಒಬ್ಬಾಕೆ ಇದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಅರಳಸುರಳಿಯ ಹತ್ತಿರ ತಮ್ಮನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ನನ್ನನ್ನು ಹಲ್ಲಿನೋರೇ ಎಂದು ಕರೆಯುತ್ತಿದ್ದಳು. ಮೊದಲ ಸಲ ಕಷಾಯ ಬೇಕಾ ಎಂದು ಕೇಳಿದಾಗ ನಾನು ಬೇಡ ಎಂದೆ. ನಮ್ಮ ಕಡೆ ಮೊದಲ ಸಲ ಬೇಡ ಎನ್ನುವುದಕ್ಕೆ ಬೆಲೆಯಿಲ್ಲ, ಅದು ಬರೀ ಉಪಚಾರ. ಊಟಕ್ಕಾಗಲಿ ಕಾಫಿಗಾಗಲಿ ಎರಡು ಸಲ ಬೇಡ ಅನ್ನಬೇಕು, ಕರೆಯುವವರು ಮೂರನೇ ಸಲ ಕರೆಯಬೇಕು. ಆಕೆ ಲೋಟಕ್ಕೆ ಸುರಿದೇ ಬಿಟ್ಟು, "ಮೂರ್ ಸಲ ಕೇಳ್ತಾ ಕೂರ್ಲಿಕ್ಕೆ ಪುರ್ಸೊತ್ತಿಲ್ಲ, ಹೊರಗೆ ಹಲ್ಲು ನೋವಿನೋರು ಕಾಯ್ತಿದಾರೆ" ಅಂದಳು.

ಕಿಟಕಿಯಿಂದ ನನ್ನ ಕಾರು ಕಾಣುತ್ತಿತ್ತು. ಬೆಲ್ಟ್ ಹಾಕಿಕೊಂಡು ಕೂತ ಸ್ಟೆಪ್ನಿಯನ್ನು ನೋಡಿ, ನಿಮ್ಮ ಮನೆಯವರು ಇವತ್ತೂ ಬಂದಿದ್ದಾರಲ್ಲ, ಇವತ್ತೂ ಕಪ್ಪು ಸೀರೆಯೇ ಎಂದು ಕೀಟಲೆ ಮಾಡುತ್ತಿದ್ದಳು. ನಾನು ನಕ್ಕು ಲೋಟ ತೊಳೆದಿಡುತ್ತಿದ್ದೆ. ವಾರದ ಏಳು ದಿನದಲ್ಲಿ ಯಾರಾದರೂ ನನ್ನನ್ನು ಹಾಸ್ಯ ಮಾಡುತ್ತಿದ್ದುದು ಆ ಹತ್ತು ನಿಮಿಷ ಮಾತ್ರ. ಆಕೆ ನನಗೆ ಇಷ್ಟವಾಗಿದ್ದಳು. ಈ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಹೋದ ವರ್ಷ ಚಳಿಗಾಲದ ಒಂದು ಗುರುವಾರ. ಗುರುವಾರ ಅಲ್ಲಿ ಅರ್ಧ ದಿನ ಕೆಲಸ. ಡಾಕ್ಟರು ಆಗಲೇ ಹೋಗಿದ್ದರು. ನಾನು ಹೊರಡುವಾಗ ಆಕೆ ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಎಂದಿಗಿಂತ ದೊಡ್ಡ ಎರಡು ಚೀಲ. ಎರಡೂವರೆಯ ಬಸ್ಸು ಕೆಟ್ಟು ನಿಂತಿದೆಯಂತೆ, ಇನ್ನೊಂದು ಐದಕ್ಕಂತೆ ಎಂದಳು. ನಾನು ಅರಳಸುರಳಿ ಮೇಲೇ ಹೋಗುವವನು. ಕಾರಿನಲ್ಲಿ ಬನ್ನಿ ಎಂದೆ. ಆಕೆ ಸೀಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಬ್ಯಾಡ ಹಲ್ಲಿನೋರೇ, ನಿಮಗ್ಯಾಕೆ ತೊಂದ್ರೆ. ಬಸ್ ಬತ್ತದೆ."

ಅದು ಮೊದಲನೆಯ ಬೇಡ. ಸ್ಟೆಪ್ನಿಯನ್ನು ಇಳಿಸಿ ಚಿಕಿತ್ಸಾಲಯದ ಒಳಗಿಡಲು ಎರಡು ನಿಮಿಷ ಸಾಕಿತ್ತು. ಬೀಗದ ಕೈ ಆಕೆಯ ಬೆರಳಿನಲ್ಲೇ ತೂಗುತ್ತಿತ್ತು. ಮಲೆನಾಡಿನಲ್ಲೇ ಹುಟ್ಟಿ ಬೆಳೆದ ನನಗೆ ಆ ಬೇಡದ ಅರ್ಥ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಮುಂದಿನ ಮೂವತ್ತು ಕಿಲೋಮೀಟರ್ ಸ್ಟೆಪ್ನಿ ಇಲ್ಲದೆ, ಪಕ್ಕದಲ್ಲಿ ಆಕೆ ಕೂತು, ಏನು ಮಾತಾಡುವುದು? ನಾನು ಪುಕ್ಕಲನಾದೆ. ಹಾಗಾದರೆ ಆಯಿತು ಎಂದು ಹೇಳಿ ಕಾರು ಹತ್ತಿದೆ. ತಿರುವಿನವರೆಗೂ ಕನ್ನಡಿಯಲ್ಲಿ ಆಕೆ ಕಾಣುತ್ತಿದ್ದಳು.

ಮುಂದಿನ ಗುರುವಾರ ಡಾಕ್ಟರೇ ಚೀಟಿ ಬರೆಯುತ್ತ ಕೂತಿದ್ದರು. ಉಡುಪಿಯಲ್ಲಿ ಯಾವುದೋ ಲೇಡೀಸ್ ಹಾಸ್ಟೆಲಿನ ವಾರ್ಡನ್ ಕೆಲಸ ಸಿಕ್ಕಿ ಹೋದಳಂತೆ. ಹೋದ ಗುರುವಾರವೇ ಕೊನೆಯ ದಿನ, ನಿಮಗೆ ಹೇಳಿರುತ್ತಾಳೆ ಎಂದುಕೊಂಡೆ ಎಂದರು. ನಾನು ನಂಬರು ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ, ಬರೆದು ಕೊಟ್ಟರು. ಕಷಾಯದ ಲೋಟಗಳು ಕಿಟಕಿಯ ಬಳಿ ಬೋರಲಾಗಿದ್ದವು.

ಅವತ್ತು ಸಾಗರಕ್ಕೆ ಬಂದವನೇ ಸ್ಟೆಪ್ನಿಯನ್ನು ಪಂಕ್ಚರ್ ಅಂಗಡಿಯಲ್ಲಿ ಇಳಿಸಿದೆ. ಇನ್ನು ಇದು ಇಲ್ಲೇ ಇರಲಿ ಎಂದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಾಲ್ಕು ವರ್ಷದ ಭಾರಕ್ಕೆ ಸೀಟಿನಲ್ಲಿ ದುಂಡಗೆ ಗುಂಡಿ ಬಿದ್ದಿತ್ತು. ಆಮೇಲೆ ದಾರಿಯಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ಹತ್ತಿಸಿಕೊಂಡೆ. ಒಬ್ಬ ಮೇಷ್ಟ್ರು, ಕೊಡಲಿ ಹಿಡಿದ ಒಬ್ಬಾತ, ಕೋಳಿ ಹಿಡಿದ ಒಬ್ಬ ಅಜ್ಜಿ. ಎಲ್ಲರೂ ಸೀಟು ಯಾಕೆ ಹೀಗೆ ತಗ್ಗಾಗಿದೆ ಎಂದು ಕೇಳಿದರು. ಉಡುಪಿಯ ನಂಬರಿಗೆ ಮಾತ್ರ ಫೋನ್ ಮಾಡಲಿಲ್ಲ. ಏನೆಂದು ಮಾಡುವುದು?

ಕಾರಣ ಸಿಕ್ಕಿದ್ದು ಈ ವರ್ಷ ಮಳೆ ಬಿಟ್ಟ ಮೇಲೆ. ಅರಳಸುರಳಿಗೆ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ, ರಸ್ತೆಯಂಚಿನ ಕಲ್ಲಿಗೆ ಎಡಗಡೆ ಮುಂದಿನ ಟೈರು ತಾಗಿ ಪಕ್ಕ ಹರಿಯಿತು. ಬಾಟಲಿ ಸುರಿದೆ, ಅಂಟು ಬೆಳ್ಳಗೆ ರಸ್ತೆಗೆ ಹರಿಯಿತು. ದಾರ ತೂರಿಸಿದೆ, ಗಾಳಿಯ ಜೊತೆ ಆಚೆ ಬಂತು. ಎಲ್ಲ ಇತ್ತು, ಸ್ಟೆಪ್ನಿ ಇರಲಿಲ್ಲ. ಟವರ್ ಸಿಗುವ ದಿಣ್ಣೆಯವರೆಗೆ ನಡೆದು ಪಂಕ್ಚರ್ ಅಂಗಡಿಗೆ ಫೋನ್ ಮಾಡಿದೆ. ಅವನು ಬೈದು ಮುಗಿಸಿ, ಮುಂದಿನ ತೀರ್ಥಹಳ್ಳಿ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದ. ನಮ್ಮ ಕಡೆ ಔಷಧಿ, ಸಸಿ, ಕನ್ನಡಕ ಎಲ್ಲ ಬಸ್ಸಿನಲ್ಲೇ ಬರುತ್ತವೆ. ಕಂಡಕ್ಟರ್ ಇಳಿಸಿ ಹೋಗುತ್ತಾನೆ. ಇನ್ನು ಎರಡೂವರೆ ಗಂಟೆ ಕಾಯಬೇಕಿತ್ತು.

ಫೋನ್ ಕೈಯಲ್ಲೇ ಇತ್ತು. ನಿಂತಲ್ಲೇ ಉಡುಪಿಗೆ ಮಾಡಿದೆ. ಘಟ್ಟದ ಕೆಳಗಿರುವ ಆಕೆ ನನ್ನ ಟೈರಿಗೆ ಏನೂ ಮಾಡಲಾರಳು ಎಂದು ಗೊತ್ತಿತ್ತು. ನಾನು ಸಾಗರದವನು ಎನ್ನುವಷ್ಟರಲ್ಲೇ ಗುರುತು ಹಿಡಿದಳು. ಟೈರು ಹರಿದಿದೆ, ನಿಮ್ಮ ಊರಿನ ದಾರಿಯಲ್ಲೇ ನಿಂತಿದ್ದೇನೆ ಎಂದೆ.

"ಮತ್ತೆಂತ, ಮನೆಯೋರು ಇದಾರಲ್ಲ ಪಕ್ಕದಲ್ಲಿ?"

"ಇಲ್ಲ. ಬಿಟ್ಟು ಬಂದಿದೀನಿ."

"ಎಂತಕ್ಕೆ?"

"ಸೀಟು ಖಾಲಿ ಇರ್ಲಿ ಅಂತ."

ಆ ಕಡೆ ಯಾರೋ ಲೋಟಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು.

"ಅವತ್ತು ಇನ್ನೊಂದ್ ಸಲ ಕೇಳ್ಬೇಕಿತ್ತು ನೀವು" ಅಂದಳು.

"ಕೇಳಿದ್ರೆ ಬರ್ತಿದ್ರಾ?"

"ಎರಡ್ನೇ ಸಲನೂ ಬ್ಯಾಡ ಅಂತಿದ್ದೆ. ಮೂರ್ನೇ ಸಲಕ್ಕೆ ಬರ್ತಿದ್ದೆ."

ಈಗ ಕೇಳಬಹುದಿತ್ತು. ಉಡುಪಿಗೆ ಬರಲೇ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು, ಅಲ್ಲೇ ನಿಂತಿತು. ಹುಡುಗಿಯರ ಟೀ ಹೊತ್ತಾಯಿತು, ನೀವು ನಿಂತಲ್ಲಿ ಉಂಬಳ ಇರುತ್ತವೆ, ಉಪ್ಪು ಇಟ್ಟುಕೊಂಡಿದ್ದೀರಲ್ಲ ಎಂದು ಕೇಳಿ ಆಕೆ ಫೋನ್ ಇಟ್ಟಳು. ಉಪ್ಪು ಇತ್ತು.

ಐದು ಗಂಟೆಗೆ ಬಸ್ಸು ಬಂತು. ರಶ್ಶು ಇರಲಿಲ್ಲ, ಸೀಟಿನ ಮೇಲೇ ಕೂರಿಸಿಕೊಂಡು ಬಂದಿದ್ದೇವೆ ಎನ್ನುತ್ತ ಕಂಡಕ್ಟರ್ ಸ್ಟೆಪ್ನಿಯನ್ನು ಇಳಿಸಿದ. ಹಲಗೆಯ ಮೇಲೆ ಹತ್ತಿಸಿ, ಜಾಕು ಕೊಟ್ಟು, ಕಾಲು ಗಂಟೆಯೊಳಗೆ ಟೈರು ಬದಲಿಸಿದೆ. ನಾಲ್ಕು ವರ್ಷದ ತಯಾರಿ ಸಾರ್ಥಕವಾಯಿತು, ನೋಡಲು ಯಾರೂ ಇರಲಿಲ್ಲ. ತೀರ್ಥಹಳ್ಳಿಯ ಡಾಕ್ಟರು ಫೋನಿನಲ್ಲಿ ನಾಳೆ ಬಂದರೆ ಸಾಕು ಎಂದಿದ್ದರಿಂದ ಕಾರನ್ನು ಸಾಗರದ ಕಡೆಗೆ ತಿರುಗಿಸಿದೆ. ಹರಿದ ಟೈರು ಉಳಿದಿತ್ತು. ಎತ್ತಿ ಎಡಗಡೆ ಸೀಟಿನ ಗುಂಡಿಯಲ್ಲಿ ಕೂರಿಸಿದೆ. ಕಾರು ಪೀಂ ಪೀಂ ಎಂದು ಕೂಗಿತು. ಬೆಲ್ಟ್ ಎಳೆಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಟೈರನ್ನು ಮತ್ತೆ ಇಳಿಸಿ ಹತ್ತಿರದ ಬಸ್ ತಂಗುದಾಣದವರೆಗೆ ಉರುಳಿಸಿಕೊಂಡು ಹೋದೆ. ಕಟ್ಟೆಗೆ ಒರಗಿಸಿಟ್ಟು, ಮೇಲೆ ಸೀಮೆಸುಣ್ಣದಲ್ಲಿ ಸಾಗರ, ಪಂಕ್ಚರ್ ಅಂಗಡಿ ಎಂದು ಬರೆದೆ. ಬೆಳಗಿನ ಬಸ್ಸಿನವರು ಹಾಕಿಕೊಂಡು ಹೋಗುತ್ತಾರೆ. ಆಮೇಲೆ ಖಾಲಿ ಸೀಟಿನ ಕಾರಿನಲ್ಲಿ ನಿಧಾನವಾಗಿ ಹೊರಟೆ. ಜನ ನಿಲ್ಲುವ ಪ್ರತಿ ಜಾಗದಲ್ಲೂ ಗೇರು ಇಳಿಸಿ ಆಚೀಚೆ ನೋಡಿದೆ. ಸಾಗರ ಮುಟ್ಟುವವರೆಗೂ ಯಾರೂ ಕೈ ಅಡ್ಡ ಹಿಡಿಯಲಿಲ್ಲ.