ಮುಡಿ ಕೊಟ್ಟ ಅಕ್ಕನ ಮಾತು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಾನ್ವೆಂಟಿನಲ್ಲಿ ಓದಿದವಳು, ದೆವ್ವ ಎಂದರೆ ನಕ್ಕವಳು. ಆದರೆ ಇದು ಕಟ್ಟಿದ ಕತೆಯಾಗಿದ್ದರೆ ಇದರಲ್ಲಿ ನಾನು ಇಷ್ಟು ಸಣ್ಣವಳಾಗಿ ಕಾಣಿಸಿಕೊಳ್ಳುತ್ತಿರಲಿಲ್ಲ. ಅದೊಂದೇ ನನ್ನ ಪ್ರೂಫ್.

ಆಗ ನಾವು ನಾಸಿಕ್ ರೋಡಿನಲ್ಲಿದ್ದೆವು. ನಮ್ಮ ಮನೆಯವರು ಬ್ಯಾಂಕಿನಿಂದ ರಿಟೈರ್ ಆಗಿ ಅಲ್ಲೇ ಉಳಿದಿದ್ದರು. ನನಗೆ ಎದೆಯಲ್ಲಿ ಗಂಟು ಬಂತು. ಆ ಜಾಗದ ಹೆಸರನ್ನು ನಾನು ಡಾಕ್ಟರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ, ‘ಚೆಸ್ಟ್’ ಎಂದೆ. ಆಪರೇಶನ್ ಆದಾಗ ಬಿಲ್ಡಿಂಗಿನವರಿಗೆಲ್ಲ ಗಾಲ್ ಬ್ಲ್ಯಾಡರ್ ಎಂದೆ.

ಆಮೇಲೆ ಕೀಮೋ. ಬಾಯಿತುಂಬ ಹುಣ್ಣು. ಅನ್ನಕ್ಕೆ, ನೀರಿಗೆ, ಗಂಡನ ಅಂಗಿಗೆ ಕೂಡ ಒಂದೇ ವಾಸನೆ... ತುಕ್ಕು ಹಿಡಿದ ಕಬ್ಬಿಣದ್ದು. ಒಂದು ಬೆಳಿಗ್ಗೆ ಜಡೆ ಹೆಣೆಯಲು ಹೋದರೆ ಜಡೆಯೇ ಕೈಗೆ ಬಂತು.

ಗಾಲ್ ಬ್ಲ್ಯಾಡರ್ ಆದವಳ ಕೂದಲು ಯಾಕೆ ಹೋಗಬೇಕು? ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದೆ ಎಂದುಬಿಟ್ಟೆ. ಮಾರಲ್ ಸೈನ್ಸ್‌ನಲ್ಲಿ ಪ್ರತಿ ವರ್ಷ ಪ್ರೈಜ್ ತಂದವಳು ನಾನು.

ಮೇಲಿನ ಮನೆಯ ಸರೋಜಕ್ಕ, ಕಲಬುರಗಿ ಕಡೆಯವರು, ಅವತ್ತೇ ಬಂದರು. “ತಿಮ್ಮಪ್ಪನ ಕಡಿಂದ ಕೈ ಬೀಸ್ಕೊಂತ ಬಂದೀರೇನ್ರಿ? ಲಾಡು ಎಲ್ಲದ?”

“ನಾಳೆ ಕೊಡ್ತೀನ್ರಿ,” ಎಂದೆ. ಸ್ಟೇಶನ್ ಹತ್ತಿರದ ಮಿಠಾಯಿ ಅಂಗಡಿಯಿಂದ ಬೂಂದಿ ಲಾಡು ತರಿಸಿ, ಪುಡಿಮಾಡಿ, ಪಚ್ಚ ಕರ್ಪೂರ ಬೆರೆಸಿ ಮತ್ತೆ ಉಂಡೆ ಕಟ್ಟಿದೆ. ಸರೋಜಕ್ಕ ಅದನ್ನು ಕಣ್ಣಿಗೊತ್ತಿಕೊಂಡರು. ಮುಡಿ ಕೊಟ್ಟವರ ಪಾದ ಮುಟ್ಟಿದರೆ ಪುಣ್ಯವೆಂದು ಬಗ್ಗಿ ನನ್ನ ಕಾಲು ಮುಟ್ಟಿದರು. ಮರುದಿನ ಇನ್ನಿಬ್ಬರು ಬಂದರು.

“ಇನ್ನೊಂದು ವಾರ ಬಿಟ್ಟರ ನಿನಗ ಆರತಿ ಎತ್ತತಾರ, ನೋಡು,” ಎಂದರು ನಮ್ಮ ಮನೆಯವರು. ನನಗೆ ನಗು ಬರಲಿಲ್ಲ.

ಕೀಮೋ ಮುಗಿದ ಮೇಲೆ ಡಾಕ್ಟರು ರೇಡಿಯೇಶನ್ ತೆಗೆದುಕೊಳ್ಳುವುದು ಒಳ್ಳೆಯದು ಎಂದರು. ಗಂಟು ದೊಡ್ಡದಿತ್ತು, ಮತ್ತೆ ಬರಬಹುದು, ಡಿಸಿಷನ್ ನಿಮ್ಮದು. ನಾಸಿಕದಲ್ಲೇ ಮಶೀನ್ ಇತ್ತು. ಆದರೆ ವಾರಗಟ್ಟಲೆ ದಿನಾ ಹೋಗಬೇಕು, ಆ ಬಾಗಿಲಲ್ಲಿ ಯಾರಾದರೂ ನನ್ನನ್ನು ನೋಡಿದರೆ? ಅದಕ್ಕೇ ಔರಂಗಾಬಾದಿಗೆ ಹೋದೆವು. ಈಗದು ಛತ್ರಪತಿ ಸಂಭಾಜಿನಗರ. ಆಗ ಎಲ್ಲರ ಬಾಯಲ್ಲೂ ಔರಂಗಾಬಾದೇ.

ಅಲ್ಲಿ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ವಾಡೆ, ಮಹಡಿಯಿರುವ ದೊಡ್ಡ ಮನೆ. ಬೀದರ್ ಕಡೆಯ ಶಿವಗಂಗಮ್ಮ ಎಂಬುವರು ಪೇಶೆಂಟ್‌ಗಳಿಗೆ ಖೋಲಿ ಕೊಡುತ್ತಿದ್ದರು. ಗಂಡಸರಿಗೆ ಕೆಳಗೆ, ಹೆಂಗಸರಿಗೆ ಮೇಲೆ. ಊಟ ಬಡಿಸುತ್ತ ಅವರು ನನ್ನ ತಲೆ ನೋಡಿದರು. ಕಾಯಿಲೆ ಮುಚ್ಚಿಡುವ ಜಾಗ ಅದಲ್ಲ. ಆದರೂ, “ಉದುರೂಕಿಂತ ಮೊದಲ ತಿರುಪತಿಗೆ ಕೊಟ್ಟುಬಿಟ್ಟೆರಿ,” ಎಂದೆ. ಹಾಗೆಂದರೆ ನಾನು ಅಲ್ಲಿದ್ದವರಿಗಿಂತ ಒಂದು ಮೆಟ್ಟಿಲು ಮೇಲೆ, ಅಲ್ಲವೇ?

ಬೆಳಿಗ್ಗೆ ಆಸ್ಪತ್ರೆಯಲ್ಲಿ ರೇಡಿಯೇಶನ್‌ಗೆ ಹೌದೋ ಅಲ್ಲವೋ ಹೇಳಬೇಕಿತ್ತು. ನನ್ನ ಮನಸ್ಸು ಬೇಡ ಎಂದಾಗಿತ್ತು. ಆ ಜಾಗವನ್ನು ದಿನಾ ಮಶೀನ್ ನಡೆಸುವ ಯಾರೋ ಹುಡುಗರ ಮುಂದೆ ತೆರೆದು ಮಲಗುವುದಕ್ಕಿಂತ...

ದೀಪ ಆರಿಸಿ ಮಲಗಿದೆ. ಪಕ್ಕದ ಮಂಚ ಖಾಲಿ ಇತ್ತು.

ಯಾವ ಹೊತ್ತಿಗೋ ಆ ಮಂಚ ಕಿರ್ ಎಂದಿತು. ತಡವಾಗಿ ಬಂದ ಪೇಶೆಂಟ್ ಇರಬೇಕು ಎಂದುಕೊಂಡೆ. ಆಮೇಲೆ... ನನ್ನ ಪಾದದ ಮೇಲೆ ಎರಡು ಕೈ. ಡ್ರಿಪ್ ನರದೊಳಗೆ ಇಳಿಯುವಾಗ ಆಗುತ್ತದಲ್ಲ, ಆ ಥಂಡಿ.

“ಅಕ್ಕೋರ... ಎದ್ದೀರೇನ್ರಿ?”

ಕಿಟಕಿಯ ಮಸುಕು ಬೆಳಕಿನಲ್ಲಿ ಒಂದು ಬೋಳು ತಲೆ.

“ಯಾರಮ್ಮ?”

“ಕಮಲಾಬಾಯಿ ರೀ, ಭಾಲ್ಕಿ ಕಡೇದಾಕಿ. ನೀವು ಮುಡಿ ಕೊಟ್ಟೀರಂತ. ನಂದು ಸುಮ್ನ ಉದುರಿ ಗಟಾರಕ್ಕ ಹೋತು ನೋಡ್ರಿ. ಪುಣ್ಯವಂತರು ನೀವು.”

ನನ್ನದೂ ಹಾಗೇ ಹೋಯಿತು ಎನ್ನಲು ಎಷ್ಟು ಹೊತ್ತು ಬೇಕು? ಕತ್ತಲಲ್ಲಿ, ನನ್ನ ಹಾಗೇ ಬೋಳಾದವಳ ಮುಂದೆ... ಆಗಲೂ ನಾಚಿಕೆ ಅಡ್ಡ ಬಂತು. “ಹೂಂ,” ಎಂದೆ.

“ಒಂದ್ ಚೂರು ಪ್ರಸಾದ ಕೊಡ್ರಲ್ಲ.”

ಯಾರಾದರೂ ಕೇಳಿದರೆ ಇರಲಿ ಎಂದು ಅಂಥದೇ ಲಾಡು ಮತ್ತೆ ಕಟ್ಟಿ ಡಬ್ಬಿಯಲ್ಲಿ ಜೊತೆಗೇ ತಂದಿದ್ದೆ. ತಡಕಾಡಿ ತೆಗೆದು ಅರ್ಧ ಮುರಿದು ಕೊಟ್ಟೆ. ತಿಂಗಳುಗಳ ಮೇಲೆ ಮೊದಲ ಸಲ ಮೂಗಿಗೆ ಕಬ್ಬಿಣವಲ್ಲದ ವಾಸನೆ ಬಂತು. ಕರ್ಪೂರದ್ದು.

“ನಾಳಿಗಿ ನನ್ಗ ಕರೆಂಟ್ ಕೊಡ್ತಾರಂತ್ರಿ,” ಎಂದಳು. ರೇಡಿಯೇಶನ್‌ಗೆ ನಮ್ಮ ಜನ ಹಾಗೇ ಅನ್ನುವುದು. “ಭಾಳ ಅಂಜಿಕಿ ಆಗ್ಯದ. ಕೊಡಿಸ್ಕೊಳ್ಳೋದೋ ಬ್ಯಾಡೋ, ನೀವೇ ಹೇಳ್ರಿ. ದೇವರ ಕಡಿಂದ ಬಂದಾಕಿ ನೀವು.”

“ಬ್ಯಾಡ ಬಿಡಮ್ಮ,” ಎಂದೆ. “ಮನಿಗೆ ಹೋಗು. ದೇವರು ನೋಡ್ಕೋತಾನ.”

ನನಗೆ ನಾನು ಹೇಳಿಕೊಳ್ಳುತ್ತಿದ್ದ ಮಾತು ಅದು. ದೇವರ ಹೆಸರು ಹಚ್ಚಿ ಅವಳಿಗೆ ಕೊಟ್ಟೆ.

ಆ ಕೈಗಳು ಇನ್ನೊಮ್ಮೆ ನನ್ನ ಪಾದ ಮುಟ್ಟಿದವು. ಈ ಸಲ ಅವುಗಳಿಗೆ ಭಾರವೇ ಇರಲಿಲ್ಲ...

ಬೆಳಿಗ್ಗೆ ನೋಡಿದರೆ ಪಕ್ಕದ ಮಂಚದ ಮೇಲೆ ಗಾದಿ ಇಲ್ಲ. ಬರೀ ಕಬ್ಬಿಣದ ಪಟ್ಟಿ, ಅದರ ಮೇಲೆ ಧೂಳು.

ಶಿವಗಂಗಮ್ಮ ಚಹಾ ತಂದರು. “ಕಮಲಾಬಾಯಿ ಹೋದರೇನ್ರಿ? ಭಾಲ್ಕಿಯವರು?” ಎಂದೆ.

ಅವರು ಕಪ್ಪು ಕೆಳಗಿಟ್ಟರು. “ಆಕಿ ಹೆಸ್ರು ನಿಮಗ್ಯಾರು ಹೇಳಿದ್ರು?”

ನಾನು ಪಕ್ಕದ ಮಂಚದ ಕಡೆ ನೋಡಿದೆ.

“ಹೋದ ವರ್ಷ ದೀಪಾವಳಿ ಮುಂದ ಬಂದಿದ್ಳು ರೀ. ಇದೇ ಖೋಲಿ. ಕರೆಂಟ್ ಕೊಡೋ ದಿನ ಮುಂಜಾನೆನೇ ಗಂಟು ಕಟ್ಕೊಂಡು ಊರಿಗಿ ಹೊಂಟ್ಳು. ಯಾರೋ ಮುಡಿ ಕೊಟ್ಟ ಅಕ್ಕ ರಾತ್ರಿ ಪ್ರಸಾದ ಕೊಟ್ಟು ಬ್ಯಾಡ ಅಂದಾಳಂತ. ಯಾವ ಅಕ್ಕನೋ ಏನೋ... ಆವತ್ತು ಈ ಖೋಲ್ಯಾಗ ಆಕಿ ಒಬ್ಬಾಕೇ ಇದ್ಳು. ಚಳಿಗಾಲ ಮುಗಿಯೋದ್ರಾಗ ಸತ್ತೋದ್ಳು.”

ಹೋದ ವರ್ಷ ದೀಪಾವಳಿಗೆ ನನಗೆ ಎದೆಯ ಗಂಟೇ ಇರಲಿಲ್ಲ. ಸೊಂಟದವರೆಗೆ ಜಡೆ ಇತ್ತು. ಆ ಊರನ್ನೇ ನಾನು ನೋಡಿರಲಿಲ್ಲ.

ಅವರು ಕೆಳಗಿಳಿದ ಮೇಲೆ ಡಬ್ಬಿ ತೆರೆದೆ. ಒಂದು ಲಾಡು ಅರ್ಧ ಮಾತ್ರ ಇತ್ತು.

ಆಸ್ಪತ್ರೆಯಲ್ಲಿ ಹೌದು ಎಂದೆ. ಇವರು ನನ್ನ ಧೈರ್ಯವನ್ನು ಮೆಚ್ಚಿಕೊಂಡರು. ಧೈರ್ಯವಲ್ಲ ಅದು. ನನ್ನ ‘ಬ್ಯಾಡ’ ಏನು ಮಾಡುತ್ತದೆ ಎಂದು ಬೆಳಿಗ್ಗೆಯೇ ತಿಳಿದಿತ್ತು. ದಿನಾ ಮಶೀನಿನ ಕೆಳಗೆ ಮಲಗಿದಾಗ ಎದೆಗೆ ಏನೂ ಅನ್ನಿಸುತ್ತಿರಲಿಲ್ಲ. ಪಾದ ಮಾತ್ರ ಥಣ್ಣಗಾಗುತ್ತಿತ್ತು.

ನಾನು ಬದುಕಿದೆ. ಕೂದಲೂ ಬಂತು, ಬೆಳ್ಳಗೆ. ತಿಮ್ಮಪ್ಪ ಕೈಬಿಡಲಿಲ್ಲ ಎಂದು ಸರೋಜಕ್ಕ ಇಂದಿಗೂ ಹೇಳುತ್ತಾರೆ. ಅವರಿಗೆ ನಾನು ಇನ್ನೂ ನಿಜ ಹೇಳಿಲ್ಲ.

ಹಬ್ಬಕ್ಕೆ ಮಕ್ಕಳು ಕಾಲಿಗೆ ಬೀಳಲು ಬಂದರೆ ಪಾದ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಮಂಡಿನೋವು ಎಂದುಕೊಂಡಿದ್ದಾರೆ. ಕೆಲವು ರಾತ್ರಿ ಕರ್ಪೂರದ ವಾಸನೆ ಬರುತ್ತದೆ. ಎದ್ದು ಕೂರುತ್ತೇನೆ. ಈ ಸಲ ಕೇಳಿದರೆ ‘ಕೊಡಿಸ್ಕೋ ಕಮಲಾ, ನಂದೂ ಗಟಾರಕ್ಕೇ ಹೋತು’ ಎನ್ನಬೇಕೆಂದು ಬಾಯಿ ತೆರೆದು ಕಾಯುತ್ತೇನೆ...

ಅವಳು ಕೇಳುವುದಿಲ್ಲ.